ಮಗುವಿಗೆ ಸೀಟು, ಅಮ್ಮನಿಗೆ ಪಾಸ್, ಅಪ್ಪನಿಗೆ ಏನು?

ಹೊರದೇಶದ ಮಗುವೊಂದು ಸಿಂಗಪುರದ ಶಾಲೆಗೆ ಸೇರಿದರೆ ಅದಕ್ಕೆ ಸ್ಟೂಡೆಂಟ್ಸ್ ಪಾಸ್, ಅಂದರೆ ಅಲ್ಲಿದ್ದು ಓದುವ ಪರವಾನಗಿ, ಕೊಡುತ್ತಾರೆ. ಚಿಕ್ಕ ಮಗು ಒಂಟಿಯಾಗಿ ಇರೋಕಾಗಲ್ಲ ಅನ್ನೋದು ಸರ್ಕಾರಕ್ಕೂ ಗೊತ್ತು. ಹಾಗಾಗಿ ಮನೆಯ ಒಬ್ಬರು ಜೊತೆಗೆ ಬಂದು ಇರಲಿ ಅಂತ ಲಾಂಗ್ ಟರ್ಮ್ ವಿಸಿಟ್ ಪಾಸ್ ಇಟ್ಟಿದ್ದಾರೆ. ಯಾರಿಗೆ? ನಿಯಮದಲ್ಲಿ ಎರಡೇ ಸಂಬಂಧಗಳ ಹೆಸರಿದೆ: ತಾಯಿ, ಇಲ್ಲವೇ ಅಜ್ಜಿ. ಅಪ್ಪನ ಮಾತೇ ಇಲ್ಲ.

ನಾನು ಸಿಂಗಪುರದಲ್ಲೇ ಇರುವವನು. ಕೆಲಸದ ಮೇಲೆ ಬಂದವನಾದ್ದರಿಂದ ಹೆಂಡತಿ ಮಕ್ಕಳು ನನ್ನ ಪಾಸಿನ ಆಧಾರದ ಮೇಲೇ ಬಂದರು. ಎಂಪ್ಲಾಯ್‌ಮೆಂಟ್ ಪಾಸ್ ಅನ್ನುವ ಕೆಲಸದ ಪರವಾನಗಿ ಇದ್ದು, ತಿಂಗಳ ಸಂಬಳ ಕನಿಷ್ಠ 6,000 ಸಿಂಗಪುರ ಡಾಲರ್ ಇದ್ದರೆ ಗಂಡನನ್ನೋ ಹೆಂಡತಿಯನ್ನೋ, ಜೊತೆಗೆ 21 ವರ್ಷದೊಳಗಿನ ಮಕ್ಕಳನ್ನೋ ಕರೆಸಿಕೊಳ್ಳಲು ಅರ್ಜಿ ಹಾಕಬಹುದು. ಆ ದಾರಿಯಲ್ಲಿ ದುಡಿಯುವವರು ಅಪ್ಪನೋ ಅಮ್ಮನೋ ಅನ್ನೋದು ಮುಖ್ಯವೇ ಅಲ್ಲ. ಅದೇ ಶಾಲೆ, ಅದೇ ತರಗತಿ. ಆದರೆ ಓದಲಿಕ್ಕೆಂದೇ ಬಂದ ಪಕ್ಕದ ಮಗುವಿನ ಮನೆಯವರಿಗೆ ಬೇರೆ ಲೆಕ್ಕ.

ನಮಗೆ ತೀರಾ ಪರಿಚಯದ ಒಂದು ಸಂಸಾರವಿದೆ. ಗಂಡನದು ಸ್ವಂತ ವ್ಯವಹಾರ, ಕೆಲವು ವರ್ಷ ತಮ್ಮ ನೋಡಿಕೊಳ್ಳುತ್ತೇನೆ ಅಂದಿದ್ದ. ಹೆಂಡತಿಗೆ ಬ್ಯಾಂಕಿನಲ್ಲಿ ಗಟ್ಟಿ ಕೆಲಸ. ಮಗನನ್ನು ಇಲ್ಲಿ ಓದಿಸೋದು ಅಂತ ಆದಾಗ, ಅಪ್ಪ ಜೊತೆಗೆ ಬರುವುದು, ಅಮ್ಮ ಕೆಲಸ ಉಳಿಸಿಕೊಂಡು ಫೀಸು ಕಳಿಸುವುದು ಅಂತ ಗಂಡ ಹೆಂಡತಿ ಕೂತು ತೀರ್ಮಾನ ಮಾಡಿದ್ದರು. ಎಷ್ಟು ಅಚ್ಚುಕಟ್ಟಾದ ಯೋಚನೆ, ಅಲ್ವಾ? ನಿಯಮ ಓದಿದ ದಿನ ಅದೆಲ್ಲ ಮುರಿದುಬಿತ್ತು. ಕೊನೆಗೆ ಕೆಲಸ ಬಿಟ್ಟು ಬಂದದ್ದು ಅಮ್ಮ.

ಇಲ್ಲಿ ರಾತ್ರಿ ಒಂಬತ್ತು ಅಂದರೆ ಆ ಹುಡುಗ ಮಲಗುವ ಹೊತ್ತು. ಭಾರತದಲ್ಲಿ ಆಗ ಆರೂವರೆ, ಅಪ್ಪನಿಗೆ ಗಿರಾಕಿಗಳು ತುಂಬಿರುವ ಹೊತ್ತು. ಆದರೂ ಆಚೆ ಬಂದು ಫೋನ್ ಹಿಡಿಯುತ್ತಾರೆ. ಹುಡುಗ ಲೆಕ್ಕದ ಪುಸ್ತಕವನ್ನು ಕ್ಯಾಮೆರಾಗೆ ಅಂಟಿಸಿಬಿಡುತ್ತಾನೆ. ಅಪ್ಪನಿಗೆ ಬರೀ ಮಸುಕು. "ಸ್ವಲ್ಪ ಹಿಂದೆ ಹಿಡಿಯೋ ಪುಟ್ಟ, ಕಾಣ್ತಿಲ್ಲ" ಅನ್ನುತ್ತಾರೆ. ಹಿಂದೆ ಹಿಡಿಯುವಷ್ಟರಲ್ಲಿ ಅಲ್ಲಿ ಯಾರೋ ಕೂಗುತ್ತಾರೆ. ಅವರ ಮನೆಗೆ ಹೋದಾಗ ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಲೆಕ್ಕ ಹೇಳಿಕೊಡುವುದರಲ್ಲಿ ಅಮ್ಮನಿಗಿಂತ ತಾನೇ ವಾಸಿ ಅಂತ ಅಪ್ಪನಿಗೂ ಗೊತ್ತು, ಅಮ್ಮನೂ ಒಪ್ಪುತ್ತಾರೆ. ಮನೆಯೊಳಗೆ ಗೊತ್ತಿರುವ ಇಂಥ ಸಂಗತಿಗಳನ್ನು ವೀಸಾ ಅಧಿಕಾರಿ ಬಂದು ನೋಡಲಾಗದು, ಸರಿ. ಅದಕ್ಕೇ ನಾನು ಹೇಳುವುದು, ಯಾರು ಜೊತೆಗಿರಬೇಕು ಅನ್ನುವ ತೀರ್ಮಾನವನ್ನು ಮನೆಯವರಿಗೇ ಬಿಡಬೇಕು. ಅದು ಸರ್ಕಾರದ ಕೆಲಸವಲ್ಲ.

ಬೇರೆ ದೇಶಗಳು ಏನು ಮಾಡುತ್ತವೆ ಅಂತ ಹುಡುಕಿ ನೋಡತೊಡಗಿದ್ದು ಆಮೇಲೆ. ಅಲ್ಲಿ ಇಲ್ಲಿ ಇರುವ ಗೆಳೆಯರನ್ನೂ ಕೇಳಿದೆ.

ಬ್ರಿಟನ್ನಿನಲ್ಲಿ ಅಪ್ಪ ಅಮ್ಮ ಅನ್ನುವ ಭೇದವಿಲ್ಲ. ಅಲ್ಲಿನ ಫೀಸು ಕಟ್ಟುವ ಖಾಸಗಿ ಶಾಲೆಗಳಲ್ಲಿ ಓದಲು 4ರಿಂದ 17 ವರ್ಷದ ಮಕ್ಕಳಿಗೆ ಚೈಲ್ಡ್ ಸ್ಟೂಡೆಂಟ್ ವೀಸಾ ಕೊಡುತ್ತಾರೆ. ಮಗು 4ರಿಂದ 11 ವರ್ಷದೊಳಗಿದ್ದರೆ ಅಪ್ಪ ಅಥವಾ ಅಮ್ಮ, ಇಬ್ಬರಲ್ಲಿ ಒಬ್ಬರು, ಜೊತೆಗಿರಲು ಬೇರೆ ವೀಸಾ ಇದೆ. ಒಬ್ಬರು ಮಾತ್ರ. ಕೆಲಸ ಮಾಡುವಂತಿಲ್ಲ, ವ್ಯಾಪಾರ ಶುರು ಮಾಡುವಂತಿಲ್ಲ, ತಾವು ಏನನ್ನೂ ಓದುವಂತಿಲ್ಲ. ಮುಖ್ಯ ಮನೆ ಬ್ರಿಟನ್ನಿನ ಹೊರಗೇ ಇರಬೇಕು. ಇದೆಲ್ಲ ಹೇಗೋ ಸಹಿಸಬಹುದು. ನನಗೆ ಸಹಿಸಲಾಗದ್ದು ಎರಡು ಸಂಗತಿ.

ಒಂದು, ಮಗುವಿಗೆ 12 ತುಂಬಿದ ದಿನವೇ ಆ ವೀಸಾದ ಆಧಾರ ಹೋಗುತ್ತದೆ. ಅಲ್ಲಿ ಶಾಲೆ ಶುರುವಾಗುವುದು ಸೆಪ್ಟೆಂಬರಿನಲ್ಲಿ. ಮಗುವಿನ ಹುಟ್ಟುಹಬ್ಬ ನವೆಂಬರಿನಲ್ಲಿ ಬಂದರೆ? ಹೊಸ ತರಗತಿ, ಹೊಸ ಮೇಷ್ಟ್ರುಗಳು, ಇನ್ನೂ ಗೆಳೆಯರ ಹೆಸರೇ ಸರಿಯಾಗಿ ಬಾಯಿಗೆ ಬಂದಿರುವುದಿಲ್ಲ. ಆಗಲೇ ಅಮ್ಮ ಪೆಟ್ಟಿಗೆ ಕಟ್ಟಬೇಕು. ಕನಿಷ್ಠ ಆ ಶಾಲಾ ವರ್ಷ ಮುಗಿಯುವ ತನಕವಾದರೂ ಇರಲು ಬಿಟ್ಟರೆ ಆ ದೇಶ ಕಳೆದುಕೊಳ್ಳುವುದು ಏನೂ ಇಲ್ಲ.

ಇನ್ನೊಂದು ಇದಕ್ಕಿಂತ ಕಠಿಣ. ಈ ವೀಸಾದ ಮೇಲೆ ಬರುವ ಅಮ್ಮ ಬೇರೆ ಮಕ್ಕಳನ್ನು ಕರೆತರಬೇಕಾದರೆ ಆ ಮಕ್ಕಳಿಗೂ ಚೈಲ್ಡ್ ಸ್ಟೂಡೆಂಟ್ ವೀಸಾ ಬೇಕು. ಆ ವೀಸಾ 4 ವರ್ಷದಿಂದ ಮೇಲಿನವರಿಗೆ ಮಾತ್ರ. ಹಾಗಾದರೆ ದೊಡ್ಡವಳಿಗೆ ಎಂಟು, ಚಿಕ್ಕವನಿಗೆ ಎರಡು ಇರುವ ಮನೆಯಲ್ಲಿ ಅಮ್ಮ ಏನು ಮಾಡಬೇಕು? ಎರಡು ವರ್ಷದ ಕೂಸನ್ನು ಬಿಟ್ಟು ಎಂಟು ವರ್ಷದವಳ ಜೊತೆ ಹೋಗಬೇಕು. ಚಿಕ್ಕ ಮಗುವಿಗೆ ಅಪ್ಪನೋ ಅಮ್ಮನೋ ಜೊತೆಗಿರಲಿ ಅಂತ ಇರುವ ವೀಸಾ, ಅದಕ್ಕಿಂತ ಚಿಕ್ಕ ಮಗುವನ್ನು ಅಮ್ಮನಿಂದ ದೂರ ಮಾಡುತ್ತದೆ. ಇಂಥ ಮನೆಗಳಲ್ಲಿ ಅಪ್ಪ ಹೋಗುವುದೇ ವಾಸಿ. ಅದಕ್ಕೆ ಬ್ರಿಟನ್ನಿನಲ್ಲಿ ಅವಕಾಶವಿದೆ ಅನ್ನೋದೇ ಸಮಾಧಾನ. ಸಿಂಗಪುರದಲ್ಲಿ ಅದೂ ಇಲ್ಲ.

ಆಸ್ಟ್ರೇಲಿಯಾದಲ್ಲಿ ಓದುವ ಮಗುವಿನ ಪಾಲಕರಿಗೆ ಕೊಡುವ ಸ್ಟೂಡೆಂಟ್ ಗಾರ್ಡಿಯನ್ ವೀಸಾಗೆ 590 ಅಂತ ನಂಬರು. ಮಗುವಿಗೆ 18 ತುಂಬುವ ತನಕ ಇರಬಹುದು, ಈ ವಿಷಯದಲ್ಲಿ ಬ್ರಿಟನ್ನಿಗಿಂತ ಎಷ್ಟೋ ವಾಸಿ. ಆರು ವರ್ಷದೊಳಗಿನ ಇನ್ನೊಂದು ಮಗುವನ್ನು ಕೆಲವು ಸಂದರ್ಭಗಳಲ್ಲಿ ಜೊತೆಗೆ ಕರೆತರಲೂ ದಾರಿ ಇದೆ. ಕೆಲಸ ಮಾತ್ರ ಮಾಡುವಂತಿಲ್ಲ. ಆದರೆ ಈ ವೀಸಾಗೆ 8538 ಅನ್ನುವ ಒಂದು ಷರತ್ತು ಅಂಟಿಕೊಂಡಿದೆ. ಮಗುವನ್ನು ಬಿಟ್ಟು ಪಾಲಕರು ಆಸ್ಟ್ರೇಲಿಯಾದಿಂದ ಹೊರಗೆ ಹೋಗುವಂತಿಲ್ಲ. ಹೋಗಲೇಬೇಕಾದರೆ ಬಲವಾದ ಕಾರಣಕ್ಕೆ ಪುರಾವೆ ಕೊಡಬೇಕು, ತಾವಿಲ್ಲದಾಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವ ಏರ್ಪಾಡನ್ನು ತೋರಿಸಿ ಒಪ್ಪಿಗೆ ಪಡೆಯಬೇಕು.

ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ಮಗುವನ್ನು ನೋಡಿಕೊಳ್ಳಲೆಂದು ಬಂದವರು ಮಗುವನ್ನು ಬಿಟ್ಟು ತಿರುಗಬಾರದು. ಒಪ್ಪಿದೆ. ಆದರೆ ಹೊರದೇಶದಲ್ಲಿ ಇರುವವರಿಗೆಲ್ಲ ನಡುರಾತ್ರಿಯ ಫೋನ್ ಅಂದರೆ ಏನು ಅಂತ ಗೊತ್ತು. ತಾಯಿಗೆ ಸೀರಿಯಸ್ ಅಂತ ಸುದ್ದಿ ಬಂದಾಗ ಕೈಗೆ ಸಿಕ್ಕ ನಾಲ್ಕು ಬಟ್ಟೆ ತುಂಬಿಕೊಂಡು ಏರ್‌ಪೋರ್ಟಿಗೆ ಓಡುತ್ತೇವೆ. ಆ ಹೊತ್ತಲ್ಲಿ ಡಾಕ್ಟರ ಪತ್ರ ತರಿಸು, ಬದಲಿ ಪಾಲಕರನ್ನು ಹುಡುಕು, ಒಪ್ಪಿಗೆಗೆ ಕಾಯಿ ಅಂದರೆ ಹೇಗೆ? ಮಗುವನ್ನು ಜೊತೆಗೇ ಕರೆದುಕೊಂಡು ಹೋಗಬಹುದು ನಿಜ, ಆದರೆ ಪರೀಕ್ಷೆ ನಡೆಯುತ್ತಿದ್ದರೆ? ಮೊದಲೇ ಒಬ್ಬ ಬದಲಿ ಪಾಲಕರ ಹೆಸರನ್ನು ಶಾಲೆಯಲ್ಲಿ ದಾಖಲಿಸಿ, ತುರ್ತಿನಲ್ಲಿ ಹೊರಟು ಆಮೇಲೆ ಪುರಾವೆ ಕೊಡಲು ಬಿಡಬಹುದು. ಮಗುವಿನ ಕ್ಷೇಮಕ್ಕೆ ಅದರಿಂದ ಧಕ್ಕೆ ಬರುವುದಿಲ್ಲ.

ಕೆಲಸದ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ್ದು ನ್ಯೂಜಿಲೆಂಡ್. ಅಲ್ಲೂ ಗಾರ್ಡಿಯನ್ ವೀಸಾದವರು ಮಗುವಿನ ಜೊತೆಗೇ ವಾಸವಿರಬೇಕು. ಆದರೆ ಷರತ್ತು ಬದಲಿಸಿಕೊಡಿ ಅಂತ ಅರ್ಜಿ ಹಾಕಿ, ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9.30ರಿಂದ ಮಧ್ಯಾಹ್ನ 2.30ರ ಒಳಗೆ ಅರೆಕಾಲಿಕ ಕೆಲಸ ಮಾಡಲು ಅನುಮತಿ ಕೇಳಬಹುದು. ಆ ಸಮಯ ನೋಡಿ. ಮಗುವನ್ನು ಶಾಲೆಗೆ ಬಿಟ್ಟ ಮೇಲೆ ಶುರು, ಶಾಲೆ ಬಿಡುವ ಹೊತ್ತಿಗೆ ಮುಗಿತು. ಈ ನಿಯಮ ಬರೆದವರಿಗೆ ಮನೆಯಲ್ಲಿ ಮಗುವಿನ ದಿನ ಹೇಗೆ ಸಾಗುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ. ಮಗು ಶಾಲೆಯಿಂದ ಬರುವಾಗ ಮನೆಯಲ್ಲಿ ಒಬ್ಬರು ಇರಬೇಕು, ಅಷ್ಟೇ ತಾನೇ ಸರ್ಕಾರಕ್ಕೆ ಬೇಕಾದದ್ದು? ನಡುವಿನ ಐದು ಗಂಟೆಯನ್ನು ಕಟ್ಟಿಹಾಕಿ ಯಾರಿಗೂ ಲಾಭವಿಲ್ಲ.

ಬ್ಯಾಂಕಿನ ಕೆಲಸ ಬಿಟ್ಟು ಬಂದ ಆ ಅಮ್ಮನ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಈ ಐದು ಗಂಟೆ ನೆನಪಾಗುತ್ತದೆ. ವಿಸಿಟ್ ಪಾಸ್ ಒಂದನ್ನೇ ಹಿಡಿದು ಇಲ್ಲಿ ಕೆಲಸಕ್ಕೆ ಸೇರುವಂತಿಲ್ಲ. ಅದಕ್ಕೆ ಬೇರೆಯೇ ಪಾಸ್ ಬೇಕು, ಅದನ್ನು ಕೊಡಿಸುವ ಮಾಲೀಕರು ಬೇಕು. ದುಡ್ಡಿನ ಮಾತು ಹಾಗಿರಲಿ. ವರ್ಷಗಟ್ಟಲೆ ಕೆಲಸದಿಂದ ದೂರ ಇದ್ದವರಿಗೆ ಮತ್ತೆ ಅದೇ ಕುರ್ಚಿ ಸಿಗುವುದಿಲ್ಲ. ಮಗ ಓದು ಮುಗಿಸುವ ಹೊತ್ತಿಗೆ ಅಮ್ಮನ ಅರ್ಧ ವೃತ್ತಿಜೀವನ ಹೋಗಿರುತ್ತದೆ. ಈ ಬೆಲೆಯನ್ನು ಯಾವ ಶಾಲೆಯ ಫೀಸಿನ ಪಟ್ಟಿಯಲ್ಲೂ ಬರೆದಿರುವುದಿಲ್ಲ.

ಅಮೆರಿಕ ಮತ್ತು ಕೆನಡಾದಲ್ಲಿ ಇಂಥದ್ದಕ್ಕೆಂದೇ ಬೇರೆ ವೀಸಾ ಇಲ್ಲ. ಅಮೆರಿಕದ ಎಫ್-1 ಅನ್ನುವ ವಿದ್ಯಾರ್ಥಿ ವೀಸಾದವರ ಜೊತೆ ಎಫ್-2 ಅನ್ನುವ ಅವಲಂಬಿತರ ವೀಸಾದ ಮೇಲೆ ಬರಬಹುದಾದವರು ಗಂಡ ಅಥವಾ ಹೆಂಡತಿ ಮತ್ತು ಮಕ್ಕಳು. ಅಪ್ಪ ಅಮ್ಮ ಆ ಪಟ್ಟಿಯಲ್ಲಿಲ್ಲ, ಬಂದರೆ ಪ್ರವಾಸಿಯಾಗಿ ಬಂದು ಹೋಗಬೇಕು. ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ಎಫ್-1 ಮೇಲೆ ಸೇರಿಸುವಂತೆಯೇ ಇಲ್ಲ. ಸರ್ಕಾರಿ ಹೈಸ್ಕೂಲಾದರೂ 12 ತಿಂಗಳು ಮಾತ್ರ, ಅದೂ ಪೂರ್ತಿ ಖರ್ಚು ಕಟ್ಟಿ. ಕೆನಡಾದಲ್ಲಿ 17 ವರ್ಷದೊಳಗಿನ ಮಗು ಅಪ್ಪ ಅಮ್ಮನಿಲ್ಲದೆ ಬಂದರೆ ಅಲ್ಲಿ ವಾಸವಿರುವ ಕಸ್ಟೋಡಿಯನ್, ಅಂದರೆ ಮಗುವಿನ ಹೊಣೆ ಹೊರುವ ದೊಡ್ಡವರು, ಒಬ್ಬರು ನೋಟರಿಯ ಮುಂದೆ ಸಹಿ ಹಾಕಿರಬೇಕು. ಜೊತೆಗೆ ಬಂದ ಅಪ್ಪನೋ ಅಮ್ಮನೋ ವಿಸಿಟರ್ ಆಗಿ ಉಳಿದು ಅವಧಿ ಮುಗಿಯುವ ಮುಂಚೆ ಮತ್ತೆ ಮತ್ತೆ ವಿಸ್ತರಣೆ ಕೇಳಬೇಕು. ಮಗುವಿಗೆ ಹಲವು ವರ್ಷದ ಓದು ಗ್ಯಾರಂಟಿ, ನೋಡಿಕೊಳ್ಳುವವರಿಗೆ ಮುಂದಿನ ಆರು ತಿಂಗಳೂ ಗ್ಯಾರಂಟಿ ಇಲ್ಲ.

ಸರ್ಕಾರಗಳ ಭಯ ನನಗೆ ಅರ್ಥವಾಗುತ್ತದೆ. ಮಗುವನ್ನು ಶಾಲೆಗೆ ಸೇರಿಸುವ ನೆಪದಲ್ಲಿ ದೊಡ್ಡವರು ಕೆಲಸಕ್ಕೆ ನುಸುಳಬಹುದು, ಓದು ಮುಗಿದ ಮೇಲೂ ಉಳಿದುಬಿಡಬಹುದು. ಅಂಥವರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಈ ವೀಸಾ ಹೇಗಿದ್ದರೂ ಮಗುವಿನ ವೀಸಾಗೆ ಕಟ್ಟಿದ್ದು. ಮಗುವಿನ ಹಾಜರಿ ಶಾಲೆಯ ಲೆಕ್ಕದಲ್ಲಿದೆ. ಓದು ನಿಂತರೆ ಎರಡೂ ನಿಲ್ಲುತ್ತವೆ. ಇಷ್ಟು ಬಿಗಿಯಾದ ಹಗ್ಗ ಇರುವಾಗ ಅಪ್ಪನನ್ನು ಹೊರಗಿಡುವುದರಿಂದ ಯಾವ ಮೋಸವೂ ನಿಲ್ಲುವುದಿಲ್ಲ. ಮೋಸ ಮಾಡುವವರು ಗಂಡಸರೇ ಆಗಿರಬೇಕು ಅಂತೇನಿದೆ?

1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 18ನೇ ವಿಧಿ, ಮಗುವನ್ನು ಬೆಳೆಸುವ ಹೊಣೆ ತಂದೆ ತಾಯಿ ಇಬ್ಬರದೂ ಅನ್ನುತ್ತದೆ. ಬೇರೆ ಬೇರೆ ದೇಶಗಳಲ್ಲಿರುವ ತಂದೆ ತಾಯಿಯರ ಜೊತೆ ಮಗು ತಪ್ಪದೆ ನೇರ ಒಡನಾಟ ಇಟ್ಟುಕೊಳ್ಳುವ ಹಕ್ಕಿನ ಬಗ್ಗೆ 10ನೇ ವಿಧಿ ಹೇಳುತ್ತದೆ. ಸಿಂಗಪುರ ಇದಕ್ಕೆ ಸೇರಿದ್ದು 1995ರಲ್ಲಿ. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ ಎಲ್ಲವೂ ಇದರಲ್ಲಿವೆ. ಜೊತೆಗಿರುವ ಪಾಸ್ ಇಬ್ಬರಲ್ಲಿ ಯಾರಿಗಾದರೂ ಸಿಗಲಿ, ವರ್ಷದ ನಡುವೆ ಬೇಕಾದರೆ ಅಮ್ಮ ಊರಿಗೆ ಹೋಗಿ ಅಪ್ಪ ಬರುವಂತಿರಲಿ, ಶಾಲೆಯ ಹೊತ್ತಿನಲ್ಲಿ ದುಡಿಯಲು ಬಿಡಲಿ. ನಾನು ಕೇಳುವುದು ಇಷ್ಟೇ. ಇದರಲ್ಲಿ ಯಾವುದೂ ಹೊಸದಲ್ಲ. ಒಂದೊಂದು ದೇಶದಲ್ಲಿ ಒಂದೊಂದು ತುಣುಕು ಆಗಲೇ ನಡೆಯುತ್ತಿದೆ.

ಒಂಟಿ ಪೋಷಕರ ಮಾತನ್ನೂ ಇಲ್ಲೇ ಹೇಳಬೇಕು. ಹೆಂಡತಿ ತೀರಿಕೊಂಡ ಅಪ್ಪ, ವಿಚ್ಛೇದನವಾಗಿ ಮಗು ಅಪ್ಪನ ಹತ್ತಿರವೇ ಇರುವ ಮನೆ, ಇವೆಲ್ಲ ಅಪರೂಪವಲ್ಲ. ತಾಯಿ ಅಥವಾ ಅಜ್ಜಿ ಅಂತಷ್ಟೇ ಬರೆದಾಗ ಆ ಅಪ್ಪನಿಗೆ ನೀನು ಲೆಕ್ಕಕ್ಕಿಲ್ಲ ಅಂದಂತಾಗುತ್ತದೆ. ವಯಸ್ಸಾದ ಅಜ್ಜಿಯನ್ನು, ಭಾಷೆ ಬಾರದ ದೇಶಕ್ಕೆ, ಮೊಮ್ಮಗನ ಹೋಂವರ್ಕ್ ನೋಡಿಕೊಳ್ಳಲು ಕಳಿಸುವುದು ಸರಿಯಾದ ಪರಿಹಾರವೂ ಅಲ್ಲ.

ಸರ್ಕಾರಗಳು ನಮ್ಮಂಥವರ ಮಾತು ಕೇಳದಿರಬಹುದು. ಶಾಲೆಗಳ ಮಾತು ಕೇಳುತ್ತವೆ. ಹೊರದೇಶದ ಮಕ್ಕಳ ಫೀಸಿನಿಂದ ನಡೆಯುವ ಶಾಲೆಗಳು ಎಲ್ಲ ಕಡೆ ಇವೆ, ಅವು ದನಿ ಎತ್ತಬೇಕು. ಅವುಗಳಿಗೆ ಆ ಒತ್ತಡ ಬರುವುದು ಅಡ್ಮಿಶನ್ ಕೇಳುವ ಅಪ್ಪ ಅಮ್ಮಂದಿರಿಂದಲೇ. ಈಗ ನಡೆಯುತ್ತಿರುವುದು ಉಲ್ಟಾ. ಸೀಟಿಗೆ ದುಡ್ಡು ಕಟ್ಟಿ, ಮಗುವಿನ ವೀಸಾ ಬಂದ ಮೇಲೆ, ಜೊತೆಗೆ ಯಾರು ಬರಬಹುದು ಅಂತ ಓದಲು ಕೂರುವವರೇ ಜಾಸ್ತಿ. ಮಕ್ಕಳನ್ನು ಕಳಿಸುವ ಯೋಚನೆ ಇದ್ದರೆ ಮೊದಲ ಪತ್ರದಲ್ಲೇ ಕೇಳಿ: ನಮ್ಮಿಬ್ಬರಲ್ಲಿ ಯಾರಿಗೆ ಅವಕಾಶ, ಯಾವ ವಯಸ್ಸಿನ ತನಕ, ಚಿಕ್ಕ ಮಗುವನ್ನು ಕರೆತರಬಹುದಾ, ತುರ್ತಿಗೆ ಊರಿಗೆ ಹೋದರೆ ಏನು. ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ, ವೀಸಾ ಇಲಾಖೆಯ ಪುಟದ ಜೊತೆ ಹೋಲಿಸಿ. ಜನನ ಪ್ರಮಾಣಪತ್ರದಲ್ಲಿ ಇನಿಷಿಯಲ್ ಮುಂದೆ, ಪಾಸ್‌ಪೋರ್ಟಿನಲ್ಲಿ ಹಿಂದೆ ಇದ್ದರೆ ಈಗಲೇ ಸರಿಮಾಡಿಸಿ. ಜೊತೆಗೆ ಬರದೆ ಉಳಿಯುವವರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿಟ್ಟುಕೊಳ್ಳಿ. ಇಷ್ಟೆಲ್ಲ ಆದ ಮೇಲೆ ಸೀಟಿನ ದುಡ್ಡು ಕಟ್ಟಿ.