ನಾಸ್ಕಾರ್‌ಗೊಂದು ದೊಡ್ಡ ನಮಸ್ಕಾರ

ಕೊನೆಗೂ ಅಮೆರಿಕದ ಕಾರ್ ರೇಸ್ ಸಂಸ್ಥೆ ನಾಸ್ಕಾರ್‌ನ ದೊಡ್ಡವರಿಗೆ ಜ್ಞಾನೋದಯ ಆಗಿದೆ. 2026ರಿಂದ ಪ್ಲೇಆಫ್ (ಕೊನೆಯ ಹತ್ತು ರೇಸಿನ ನಾಕೌಟ್) ಇಲ್ಲ, ಮೂರು ರೇಸಿಗೊಮ್ಮೆ ಕೆಲವರನ್ನು ಹೊರಗಟ್ಟುವ ಎಲಿಮಿನೇಷನ್ ಇಲ್ಲ, ಒಂದೇ ರೇಸಿನಲ್ಲಿ ಇಡೀ ವರ್ಷದ ಹಣೆಬರಹ ಬರೆಯೋದೂ ಇಲ್ಲ. ಬದಲಿಗೆ ಹೊಚ್ಚಹೊಸ ಐಡಿಯಾ: ಕೊನೆಯ ಹತ್ತು ರೇಸಿನ ಪಾಯಿಂಟ್ ಲೆಕ್ಕ ಹಾಕಿ, ಜಾಸ್ತಿ ಇದ್ದವನಿಗೆ ಕಪ್. ಹೆಸರು ಚೇಸ್. 2004ರಲ್ಲಿ ಇವರೇ ತಂದಿದ್ದು, 2014ರಲ್ಲಿ ಸಪ್ಪೆ ಅನ್ನಿಸಿ ಇವರೇ ಅದಕ್ಕೆ ಎಲಿಮಿನೇಷನ್ ಮಸಾಲೆ ಹಾಕಿದ್ದು. ಈಗ ಹಳೇ ಸರಕನ್ನೇ ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಅಭಿಮಾನಿಗಳ ಮಾತಿಗೆ ಬೆಲೆ ಕೊಟ್ಟೆವು ಅಂತ ಬೀಗುತ್ತಿದ್ದಾರೆ. ಅಭಿಮಾನಿಗಳು ವರ್ಷಗಟ್ಟಲೆ ಬಾಯಿ ಬಡಿದುಕೊಂಡರು. ಪಾಪ, ಕೇಳಿಸಿರಲಿಕ್ಕಿಲ್ಲ. ಇಂಜಿನ್ ಸದ್ದು ಜಾಸ್ತಿ ಅಲ್ವಾ.

2025ರ ಕೊನೇ ರೇಸು, ಫೀನಿಕ್ಸ್ ಕಥೆ ನಿಮಗೆ ಗೊತ್ತೇ ಇದೆ. ಅದೇ ಫೈನಲ್: ಪ್ಲೇಆಫ್‌ನಲ್ಲಿ ಉಳಿದ ನಾಲ್ವರಲ್ಲಿ ಯಾರು ಮುಂದೆ ಮುಗಿಸುತ್ತಾರೋ ಅವರಿಗೆ ಕಪ್. ಡೆನ್ನಿ ಹ್ಯಾಮ್ಲಿನ್ 208 ಲ್ಯಾಪ್ ಎಲ್ಲರಿಗಿಂತ ಮುಂದಿದ್ದ. ಇನ್ನು ಮೂರೇ ಲ್ಯಾಪ್ ಅನ್ನುವಾಗ ವಿಲಿಯಂ ಬೈರನ್ ಕಾರಿನ ಟೈರ್ ಕೈಕೊಟ್ಟು, ಎಲ್ಲರೂ ನಿಧಾನಿಸಬೇಕಾದ ಹಳದಿ ಬಾವುಟ ಬಿತ್ತು. ಪಿಟ್‌ನಲ್ಲಿ ಹ್ಯಾಮ್ಲಿನ್ ಕಡೆಯವರು ನಾಲ್ಕೂ ಟೈರ್ ಬದಲಿಸಿದರು, ಕೈಲ್ ಲಾರ್ಸನ್ ಕಡೆಯವರು ಎರಡಕ್ಕೇ ಮುಗಿಸಿ ಮುಂದೆ ನುಗ್ಗಿದರು. ಓವರ್‌ಟೈಮ್, ಅಂದ್ರೆ ಹೆಚ್ಚುವರಿ ಲ್ಯಾಪ್, ಮುಗಿದಾಗ ಲಾರ್ಸನ್ ಮೂರನೆಯವನು, ಹ್ಯಾಮ್ಲಿನ್ ಆರನೆಯವನು. ರೇಸ್ ಗೆದ್ದವನು ರಯಾನ್ ಬ್ಲೇನಿ, ಆ ನಾಲ್ವರಲ್ಲಿ ಇರದ ಅವನಿಗೆ ಕಪ್ ಇಲ್ಲ. ಕಪ್ ಲಾರ್ಸನ್‌ಗೆ, ಅಂದ್ರೆ ಅವತ್ತು ಒಂದು ಲ್ಯಾಪ್ ಕೂಡ ಮುಂದಿರದವನಿಗೆ! ಲಾರ್ಸನ್ ಮೇಲೆ ನನಗೆ ಸಿಟ್ಟಿಲ್ಲ, ಯಾವ ಕಾರು ಕೊಟ್ಟರೂ ಓಡಿಸುವ ಹುಡುಗ. ಆದರೆ ಆ ವರ್ಷ ಅವನು ಗೆದ್ದಿದ್ದು ಮೂರು ರೇಸ್, ಹ್ಯಾಮ್ಲಿನ್ ಆರು.

ನಮ್ಮ ಆರ್‌ಸಿಬಿ ಜನಕ್ಕೆ ಹ್ಯಾಮ್ಲಿನ್ ಬೇಗ ಅರ್ಥವಾಗುತ್ತಾನೆ. 2006ರಿಂದ ಪೂರ್ತಿ ಸೀಸನ್ ಓಡಿಸುತ್ತಿದ್ದಾನೆ, ಫೀನಿಕ್ಸ್ ಹೊತ್ತಿಗೆ 60 ರೇಸ್ ಗೆದ್ದಿದ್ದ, ಎಲ್ಲಕ್ಕಿಂತ ದೊಡ್ಡ ರೇಸಾದ ಡೇಟೋನಾ 500 ಮೂರು ಸಲ. ಪ್ರತಿ ವರ್ಷ ಈ ಸಲ ಕಪ್ ನಮ್ದೇ. ನಮಗಾದರೂ 2025ರ ಜೂನ್‌ನಲ್ಲಿ ಬಂತು.

ಹ್ಯಾಮ್ಲಿನ್‌ಗೂ ಟ್ರ್ಯಾಕಿನ ಗೋಡೆಗೂ ಯಾವುದೋ ಜನ್ಮದ ಋಣ ಬೇರೆ ಇದೆ. 2022ರ ಮಾರ್ಟಿನ್ಸ್‌ವಿಲ್ ರೇಸ್ ನೆನಪಿದೆ ತಾನೇ? ಕೊನೇ ಲ್ಯಾಪ್. ಫೈನಲ್‌ಗೆ ಹೋಗಲು ರಾಸ್ ಚಾಸ್ಟೇನ್‌ಗೆ ಇನ್ನೆರಡು ಸ್ಥಾನ ಬೇಕು, ದಾರಿ ಇಲ್ಲ. ಪುಣ್ಯಾತ್ಮ ಐದನೇ ಗೇರ್ ಹಾಕಿ, ಕಾರಿನ ಬಲಗಡೆಯನ್ನು ಗೋಡೆಗೆ ಅಂಟಿಸಿ, ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿಯೇ ಬಿಟ್ಟ. ಕಿಡಿ ಹಾರಿಸಿಕೊಂಡು ಸರ್ರನೆ ಐದು ಕಾರು ದಾಟಿದ. ಚಿಕ್ಕವನಿದ್ದಾಗ ವಿಡಿಯೋ ಗೇಮಿನಲ್ಲಿ ಹೀಗೇ ಮಾಡುತ್ತಿದ್ದೆ ಅಂತ ಆಮೇಲೆ ತಾನೇ ಹೇಳಿದ. ಐದರಲ್ಲಿ ಗೆರೆಯ ಹತ್ತಿರ ಸಿಕ್ಕಿದ ಕೊನೆಯ ಕಾರು ಯಾರದ್ದು? ಹ್ಯಾಮ್ಲಿನ್‌ದೇ. ಹ್ಯಾಮ್ಲಿನ್‌ಗೆ ಫೈನಲ್ ಕೈತಪ್ಪಿತು. ನಾಸ್ಕಾರ್ ಚಪ್ಪಾಳೆ ತಟ್ಟಿ, ಆ ವಿಡಿಯೋ ಊರೆಲ್ಲ ತೋರಿಸಿ, ಮುಂದಿನ ಸೀಸನ್‌ಗೆ ಮುಂಚೆ ಇನ್ನು ಮೇಲೆ ಹೀಗೆ ಮಾಡಿದರೆ ಪೆನಾಲ್ಟಿ ಅಂದಿತು. 2024ರಲ್ಲಿ ಅದೇ ಟ್ರ್ಯಾಕಿನ ಕೊನೇ ತಿರುವಿನಲ್ಲಿ ಕ್ರಿಸ್ಟೋಫರ್ ಬೆಲ್ ಗೋಡೆ ಸವರಿದ. ಫೈನಲ್‌ನಿಂದ ಹೊರಗೆ. ಒಬ್ಬನಿಗೆ ಚಮತ್ಕಾರ, ಇನ್ನೊಬ್ಬನಿಗೆ ಅಪರಾಧ.

ಅದೇ ವರ್ಷ ರಿಚ್ಮಂಡ್‌ನಲ್ಲಿ ಆಸ್ಟಿನ್ ಡಿಲ್ಲನ್ ಕೊನೇ ಲ್ಯಾಪಿನಲ್ಲಿ ಜೋಯಿ ಲೊಗಾನೊಗೆ ಗುದ್ದಿ, ಅದು ಸಾಲದೆ ಹ್ಯಾಮ್ಲಿನ್‌ಗೂ (ಇನ್ಯಾರಿಗೆ!) ಗುದ್ದಿ ಗೆದ್ದ. ಗೆದ್ದವನಿಗೆ ಪ್ಲೇಆಫ್ ಟಿಕೆಟ್ ಅನ್ನೋದು ಆಗಿನ ನಿಯಮ. ಗೆಲುವು ನಿನ್ನದೇ ಇರಲಿ, ಅದರಿಂದ ಪ್ಲೇಆಫ್‌ಗೆ ಮಾತ್ರ ಬರಬೇಡ ಅಂತ ತೀರ್ಪಾಯಿತು. ಇನ್ನು ಲೊಗಾನೊ. ಷಾರ್ಲೆಟ್‌ನ ಪ್ಲೇಆಫ್ ರೇಸಿನಲ್ಲಿ ಪಾಯಿಂಟ್ ಸಾಲದೆ ಹೊರಬಿದ್ದಿದ್ದ. ರೇಸ್ ಮುಗಿದ ಮೇಲೆ ಅಲೆಕ್ಸ್ ಬೋಮನ್ ಕಾರನ್ನು ತೂಗಿದರೆ ತೂಕ ಕಡಿಮೆ ಬಂತು, ಅವನು ಹೊರಗೆ, ಲೊಗಾನೊ ಒಳಗೆ. ಮುಂದಿನ ವಾರ ಲಾಸ್ ವೇಗಸ್ ಗೆದ್ದ, ಆಮೇಲೆ ಕಪ್ಪೂ ಗೆದ್ದ. ಆ ವರ್ಷ ಅವನ ಸರಾಸರಿ ಸ್ಥಾನ 17.1. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ. ಅವನನ್ನು ಬೈದು ಏನು ಬಂತು, ಬಡಿಸಿದವರನ್ನು ಕೇಳಬೇಕು.

ಕೇಳಿದರೆ ಏನಂತಾರೆ? ರೋಚಕತೆ ಬೇಕು ಅಂತಾರೆ. ಯಾರಿಗ್ರೀ ಬೇಕಿತ್ತು? ಫೆಬ್ರವರಿಯಿಂದ ನವೆಂಬರ್‌ವರೆಗೆ 36 ರೇಸ್ ಓಡಿಸಿದವರ ದುಡಿಮೆಯನ್ನು ಟಿವಿಯ ಕೊನೆಯ ಹತ್ತು ನಿಮಿಷಕ್ಕೋಸ್ಕರ ಕಸದ ಬುಟ್ಟಿಗೆ ಹಾಕಿದಿರಿ. 44ರ ಹ್ಯಾಮ್ಲಿನ್ ಮುಖ ಕೆಟ್ಟ ಮೇಲೆ, ಎರಡೂವರೆ ತಿಂಗಳು ಕಳೆಯುವುದರೊಳಗೆ, ಅಯ್ಯೋ ಆ ನಿಯಮ ಸರಿ ಇರಲಿಲ್ಲ ಅಂತ ತೆಗೆದಿರಿ. ಸರಿ ಇರಲಿಲ್ಲ ಅಂತ ನಿಮಗೂ ಗೊತ್ತಿತ್ತು. ನೋಡಿ ನೋಡಿ ಸಾಕಾಗಿದೆ.

ಹೊಸ ಚೇಸ್‌ನಲ್ಲೂ 26 ರೇಸ್ ಆದ ಮೇಲೆ ಪಾಯಿಂಟ್ ಅಳಿಸಿ ಹೊಸದಾಗಿ ಹಂಚುತ್ತಾರೆ. ಮೊದಲನೆಯವನಿಗೆ 2100, ಎರಡನೆಯವನಿಗೆ 2075. ಮೊದಲನೆಯವನು ಅಲ್ಲಿವರೆಗೆ 200 ಪಾಯಿಂಟ್ ಮುಂದಿದ್ದರೂ ಕೈಗೆ ಸಿಗುವುದು 25. ಮೂವತ್ತಾರೂ ರೇಸಿನ ಪಾಯಿಂಟ್ ಸುಮ್ನೆ ಕೂಡಿಸಿದರೆ ಏನು ಕಷ್ಟ? 2003ರವರೆಗೆ ಕೂಡಿಸುತ್ತಲೇ ಇದ್ದರಲ್ಲ. ಆ ವರ್ಷ ಮ್ಯಾಟ್ ಕೆನ್ಸೆತ್ ಒಂದೇ ರೇಸ್ ಗೆದ್ದು, ವರ್ಷವಿಡೀ ತಪ್ಪದೆ ಪಾಯಿಂಟ್ ಗಳಿಸಿ ಚಾಂಪಿಯನ್ ಆದ. ತಪ್ಪದೆ ಚೆನ್ನಾಗಿ ಓಡಿಸೋದು ದೊಡ್ಡವರಿಗೆ ಬೋರಾಗಿತ್ತು.