ಆದೇಶವಿಲ್ಲದ ಬಡ್ತಿ

ಸರ್ಕಾರಿ ನೌಕರಿಯಲ್ಲಿ ಬಡ್ತಿ ಸಿಗಬೇಕಾದರೆ ಏನೇನು ಆಗಬೇಕು ಅಂತ ಚಿತ್ರದುರ್ಗದ ಯಾವ ಎಸ್‌ಡಿಎಯನ್ನಾದರೂ ಕೇಳಿ. ಜ್ಯೇಷ್ಠತಾ ಪಟ್ಟಿ ಆಗಬೇಕು. ಅದಕ್ಕೆ ಆಕ್ಷೇಪಣೆ ಬರಬೇಕು. ರೋಸ್ಟರ್ ನೋಡಬೇಕು, ಹುದ್ದೆ ಖಾಲಿ ಇರಬೇಕು. ಅಷ್ಟರಲ್ಲಿ ನಿವೃತ್ತಿಯೇ ಬಂದಿರುತ್ತದೆ. ಹೀಗಿರುವಾಗ ಕಂಪ್ಯೂಟರಿನೊಳಗೆ ಒಬ್ಬ ಸಾಮಾನ್ಯ ಬಳಕೆದಾರ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ರೂಟ್ ಆಗಿಬಿಡುತ್ತಾನೆ ಅಂದರೆ ಹೊಟ್ಟೆ ಉರಿಯಲ್ವಾ?

ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಅನ್ನುವ ವ್ಯವಸ್ಥೆಯಲ್ಲಿ ರೂಟ್ ಅಂದರೆ ಎಲ್ಲರಿಗಿಂತ ಮೇಲಿನವನು. ಯಾವ ಫೈಲನ್ನಾದರೂ ಓದಬಹುದು, ತಿದ್ದಬಹುದು, ಅಳಿಸಬಹುದು. ಯಾರ ಸಹಿಯೂ ಬೇಡ. 2022ರ ಜನವರಿ 25ರಂದು ಕ್ವಾಲಿಸ್ ಅನ್ನುವ ಸೈಬರ್ ಭದ್ರತಾ ಕಂಪನಿಯವರು ಅಲ್ಲಿಗೆ ಹತ್ತುವ ಒಂದು ಕಳ್ಳದಾರಿಯನ್ನು ಬಯಲು ಮಾಡಿದರು. ಹೆಸರು ಪ್ವನ್‌ಕಿಟ್. ತೂತು ಇದ್ದದ್ದು ಪಿಕೆಎಕ್ಸೆಕ್ ಅನ್ನುವ ಪುಟ್ಟ ಪ್ರೋಗ್ರಾಂನಲ್ಲಿ. ಅದನ್ನು ಯಾರೇ ಓಡಿಸಲಿ, ಅದು ಓಡುವುದು ರೂಟ್‌ನ ಅಧಿಕಾರದಲ್ಲಿ. ಏನು ಮಾಡಬೇಕು ಅಂತ ಒಂದು ಪಟ್ಟಿ ಕೊಟ್ಟು ಅದನ್ನು ಕರೆಯಬೇಕು. ಪಟ್ಟಿ ಪೂರ್ತಿ ಖಾಲಿ ಇದ್ದರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಮೆಮೊರಿಯಲ್ಲಿ ಪಕ್ಕದ ಜಾಗಕ್ಕೆ ಹೋಗಿ ಅಲ್ಲಿದ್ದದ್ದನ್ನೇ ಪಟ್ಟಿ ಅಂತ ಓದಿಕೊಳ್ಳುತ್ತಿತ್ತು. ಆ ಜಾಗದಲ್ಲಿ ಏನಿರಬೇಕು ಅನ್ನುವುದು ಕರೆದವನ ಕೈಯಲ್ಲಿತ್ತು! 2009ರಿಂದ ಇದು ಹಾಗೇ ನಡೆದಿತ್ತು. ಖಾಲಿ ಪಟ್ಟಿ ನೋಡಿ ಎಡವುವುದು ಏನು ಅಂತ ನಮ್ಮವರಿಗೆ ಮಾತ್ರ ಅರ್ಥವಾಗಲಿಲ್ಲ. ಇಲ್ಲಿನ ಕಚೇರಿಗಳು ನಡೆಯುವುದೇ ‘ಶೂನ್ಯ ವರದಿ’ಯ ಮೇಲೆ.

ಲಿನಕ್ಸನ್ನು ಸಿದ್ಧಪಡಿಸಿ ಹಂಚುವ ಉಬುಂಟು, ಡೆಬಿಯನ್, ರೆಡ್ ಹ್ಯಾಟ್‌ನವರು ಪ್ಯಾಚ್ ಕೊಟ್ಟರು, ಅಂದರೆ ತೂತಿಗೆ ತೇಪೆ. ಪಟ್ಟಿ ಖಾಲಿಯಾ, ಅಲ್ಲೇ ನಿಲ್ಲು. ತಿದ್ದುಪಡಿಯ ತಿರುಳು ಇಷ್ಟೇ. ಒಂದು ಪೈಸೆ ಖರ್ಚಿಲ್ಲ.

ತೊಡಕು ಆದದ್ದೇ ಅಲ್ಲಿ. ನಾನು ಹೇಳುವ ಕಚೇರಿ ಯಾವುದು ಅಂತ ಕೇಳಬೇಡಿ, ಊರಲ್ಲಿ ಎಲ್ಲರಿಗೂ ತಮ್ಮ ತಮ್ಮ ಕಚೇರಿಯೇ ನೆನಪಾಗುತ್ತದೆ. ‘ಅತಿ ತುರ್ತು’ ಅಂತ ಬಂದ ಪತ್ರ ಟಪಾಲಿನಿಂದ ಟೇಬಲ್ಲಿಗೆ ಇಳಿಯುವ ಹೊತ್ತಿಗೆ ಬೇಸಿಗೆ. ಸೂಪರಿಂಟೆಂಡೆಂಟರು ಟಿಪ್ಪಣಿ ಬರೆದರು: ‘ಸದರಿ ಪ್ಯಾಚ್ ಉಚಿತವೆಂದು ತಿಳಿಸಲಾಗಿದೆ. ಯಾವ ಲೆಕ್ಕಶೀರ್ಷಿಕೆಯಡಿ ಉಚಿತವೆಂಬುದು ಸ್ಪಷ್ಟವಿಲ್ಲ. ಪರಿಶೀಲಿಸಿ ಮಂಡಿಸಿ.’ ಪರಿಶೀಲಿಸಿ ಮಂಡಿಸಲಾಯಿತು. ಮೂರು ಕೊಟೇಶನ್ ಕರೆಯಲಾಯಿತು. ಉಚಿತ ಮಾಲಿಗೆ ಇಬ್ಬರು ಜಿಎಸ್‌ಟಿ ಸೇರಿಸಿ ದರ ಕೊಟ್ಟರು. ಮೂರನೆಯವನು ಸೊನ್ನೆ ಬರೆದ. ದರ ಅನುಮಾನಾಸ್ಪದ ಅಂತ ಅವನನ್ನು ಕೈಬಿಟ್ಟರು.

ಆಮೇಲೆ ಸಭೆ. ತಾಂತ್ರಿಕ ಹುಡುಗ ‘ಸಾರ್, ಇದೊಂದು ಸಣ್ಣ ಕಿಂಡಿ’ ಅಂದದ್ದೇ ತಪ್ಪಾಯಿತು. ದುರ್ಗದಲ್ಲಿ ಕಿಂಡಿ ಅಂದ ಮೇಲೆ ಮುಗಿಯಿತು, ಇನ್ನು ಯಾರನ್ನೂ ತಡೆಯೋಕಾಗಲ್ಲ. ಸಾಹೇಬರು ಎದ್ದು ಹೈದರಾಲಿಯ ಸೈನ್ಯವನ್ನು ಒಳಗೆ ನುಗ್ಗಿಸಿದರು. ಒನಕೆ ಓಬವ್ವ ಒಬ್ಬೊಬ್ಬರನ್ನೇ ಮುಗಿಸುತ್ತಾ ಬರುವಷ್ಟರಲ್ಲಿ ಊಟದ ಹೊತ್ತು. ಗಂಡನ ಊಟದ ಹೊತ್ತಲ್ಲೇ ಓಬವ್ವ ಕಿಂಡಿ ಕಾದಳು ಅನ್ನುವುದನ್ನು ಬಾಯ್ತುಂಬ ಹೊಗಳಿ, ಎಲ್ಲರೂ ಊಟಕ್ಕೆ ಎದ್ದರು.

ಮಧ್ಯಾಹ್ನ ಇನ್ನೊಂದು ಹೆಮ್ಮೆಯ ಮಾತು ಬಂತು. ‘ನಮ್ಮ ಸರ್ವರ್ ತಂದಾಗಿನಿಂದ ಒಂದ್ಸಲಾನೂ ಆಫ್ ಆಗಿಲ್ಲ ಕಣ್ರೀ!’ ಚಪ್ಪಾಳೆ. ಸರ್ವರ್ ಬಂದದ್ದು 2015ರಲ್ಲಿ. 2016ರಲ್ಲಿ ಡರ್ಟಿ ಕೌ ಅಂತ ಇನ್ನೊಂದು ತೂತು ಹೊರಬಿದ್ದಿತ್ತು. ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೇ 2007ರಿಂದ ಇತ್ತು. ಕರ್ನಲ್‌ಗೆ ಪ್ಯಾಚ್ ಹಾಕಿದರೆ ಸಾಮಾನ್ಯವಾಗಿ ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಲೇಬೇಕು. ಆಫೇ ಆಗಿಲ್ಲ ಅಂದರೆ ಆ ತೂತು ಅಲ್ಲಿ ಖಾಯಂ ನೌಕರ ಅಂತ ಲೆಕ್ಕ. ಚಪ್ಪಾಳೆ ಅದಕ್ಕೂ ಸೇರಿರಬೇಕು.

ಕೊನೆಗೆ ಮೇಲಿನಿಂದ ಫೋನ್ ಬಂತು. ಸಂಜೆಯೊಳಗೆ ಪ್ಯಾಚ್ ಆಗಬೇಕು. ಸರಿ, ರೂಟ್ ಪಾಸ್‌ವರ್ಡ್ ಯಾರ ಹತ್ತಿರ ಇದೆ? ಸಾಹೇಬರು ಸೂಪರಿಂಟೆಂಡೆಂಟರ ಮುಖ ನೋಡಿದರು, ಅವರು ಫ್ಯಾನ್ ನೋಡಿದರು. ಹಿಂದಿನ ಸಾಹೇಬರು ವರ್ಗವಾಗಿ ಹೊಸದುರ್ಗದಲ್ಲಿದ್ದರು. ಫೋನ್ ಮಾಡಿದರೆ, ‘ಚಾರ್ಜ್ ಲಿಸ್ಟಲ್ಲಿ ಕೊಟ್ಟಿದೀನಲ್ರೀ’ ಅಂದರು. ಲಿಸ್ಟ್ ತೆಗೆದರು. ಗಾಡ್ರೇಜ್ ಬೀರು ಎರಡು, ಕೈಯಿಲ್ಲದ ಕುರ್ಚಿ ನಾಲ್ಕು, ಗೋಡೆ ಗಡಿಯಾರ ಒಂದು (ಕೆಟ್ಟಿದೆ). ಪಾಸ್‌ವರ್ಡ್ ಇಲ್ಲ.

ಆಗ ಹೊರಗುತ್ತಿಗೆಯ ಆಪರೇಟರ್ ಮೆಲ್ಲಗೆ ಬಾಯಿ ಬಿಟ್ಟಳು. ‘ಸಾರ್, ಎದುರುಗಡೆ ಝೆರಾಕ್ಸ್ ಅಂಗಡಿ ಹುಡುಗನಿಗೆ ಗೊತ್ತು. ಯಾವಾಗ್ಲೂ ಅವನೇ ಸರಿ ಮಾಡೋದು.’

ಹುಡುಗ ಬಂದ. ಬೆರಳಿಗೆ ಟೋನರ್ ಪುಡಿ, ಕಿವಿಯಲ್ಲಿ ಪೆನ್ನು. ಕೀಬೋರ್ಡ್ ಕೂಡ ನೋಡದೆ ಪಾಸ್‌ವರ್ಡ್ ಒತ್ತಿದ. ಪ್ಯಾಚ್ ಹಾಕಿದ, ರೀಸ್ಟಾರ್ಟ್ ಮಾಡಿದ. ಸಾಮಾನ್ಯ ಬಳಕೆದಾರ ಇನ್ನು ಮುಂದೆ ಆದೇಶವಿಲ್ಲದೆ ರೂಟ್ ಆಗುವಂತಿಲ್ಲ. ಸಾಹೇಬರು ಬೆನ್ನು ತಟ್ಟಿದರು. ಹೊರಡುವಾಗ ಅವನೇ ಕೇಳಿದ, ‘ಸಾರ್, ಹಂಗೇ ಪಾಸ್‌ವರ್ಡೂ ಚೇಂಜ್ ಮಾಡಿಬಿಡ್ಲಾ?’

ಸೂಪರಿಂಟೆಂಡೆಂಟರು ಗಾಬರಿಯಾದರು. ‘ಬ್ಯಾಡಪ್ಪಾ, ಇದನ್ನೇ ನೆನಪಿಟ್ಕೋ. ಹೊಸದು ನೀನೂ ಮರೆತರೆ ನಾವು ಯಾರನ್ನ ಕೇಳಾಣ?’