ಗಾಜಿನೊಳಗಿನ ಅಳಗುಳಿ ಮಣೆ

ನಾವಿರುವ ಬಾಸ್ಟನ್ನಿನ ಮಕ್ಕಳ ಮ್ಯೂಸಿಯಂನಲ್ಲಿ ಒಂದು ಜಪಾನಿ ಮನೆ ಇದೆ. ರೇಷ್ಮೆ ವ್ಯಾಪಾರಿಯೊಬ್ಬರ ಹಳೇ ಮನೆ. ಕ್ಯೋಟೋ ನಗರದ ಉಡುಗೊರೆ. ಒಳಗೆ ಕಾಲಿಡಬೇಕಾದರೆ ಚಪ್ಪಲಿ ಬಿಡಬೇಕು. ನನ್ನ ಆರು ವರ್ಷದ ಮಗಳು ಬೂಟು ಕಳಚಿ, ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಅಪ್ಪಾ, ಅಜ್ಜಿ ಮನೆ ಥರಾನೇ ಇದೆ" ಎಂದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಕಡೆ ಗಾಲ್ಫ್ ಚೆಂಡು ಉರುಳಿಸುವ ಹಳಿಗಳಿವೆ. ಅವಳು ಹಳಿಯ ತುದಿ ಎತ್ತರಿಸಿದಳು, ಚೆಂಡು ಹಾರಿ ಆಚೆ ಬಿತ್ತು. ಇಳಿಸಿದಳು, ಅರ್ಧಕ್ಕೇ ನಿಂತಿತು. 'ಹೀಗಿಡು' ಅನ್ನೋಕೆ ನನ್ನ ಬಾಯಿ ತುರಿಸುತ್ತಿತ್ತು. ಸುಮ್ನೆ ನಿಂತೆ. ಎಷ್ಟೋ ಸಲ ತಪ್ಪಿದ ಮೇಲೆ ಚೆಂಡು ಕೊನೆ ಮುಟ್ಟಿತು. ಇಳಿಜಾರು ಎಂದರೇನು ಅಂತ ಅವಳ ಕೈಗೆ ತಿಳಿಯಿತು.

ಈ ಮ್ಯೂಸಿಯಂ ಶುರುವಾದದ್ದು 1913ರಲ್ಲಿ. ಆದರೆ ವಸ್ತುಗಳನ್ನು ಗಾಜಿನ ಕಪಾಟಿನಿಂದ ಆಚೆ ತಂದು ಮಕ್ಕಳ ಕೈಗೆ ಕೊಟ್ಟವರು 1962ರಲ್ಲಿ ನಿರ್ದೇಶಕರಾಗಿ ಬಂದ ಮೈಕಲ್ ಸ್ಪಾಕ್. ಓದೋದು ಅವರಿಗೇ ಕಷ್ಟವಾಗಿತ್ತು, ಹಾಗಾಗಿ ಮುಟ್ಟಿ ಕಲಿಯೋದರ ಬೆಲೆ ಗೊತ್ತಿತ್ತು.

ನಮ್ಮಲ್ಲಿ ಇಂಥದ್ದು ಇಲ್ಲ ಅಂದರೆ ತಪ್ಪಾಗುತ್ತದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಗುಂಡಿ ಒತ್ತಿ, ಹಿಡಿ ತಿರುಗಿಸಿ ಬೆಳೆದವನು ನಾನು. ಅದೂ 1960ರ ದಶಕದ್ದೇ. ಆದರೆ ಮುಟ್ಟುವ ಈ ಸಲಿಗೆ ವಿಜ್ಞಾನಕ್ಕೆ ಸಿಕ್ಕಿತು, ನಮ್ಮ ಮನೆಯ ಸಾಮಾನಿಗೆ ಸಿಗಲಿಲ್ಲ. ಬೀಸುಕಲ್ಲು, ಕಡಗೋಲು, ಬುಗುರಿ ಎಲ್ಲ ಕಪಾಟಿನೊಳಗೇ ಉಳಿದವು.

ಹೋದ ಸಲ ಊರಿಗೆ ಬಂದಾಗ ಒಂದು ಮ್ಯೂಸಿಯಂನಲ್ಲಿ ಅಳಗುಳಿ ಮಣೆ ಕಂಡಿತು. ಗಾಜಿನ ಹಿಂದೆ, ಪಕ್ಕದಲ್ಲಿ ಹೆಸರಿನ ಚೀಟಿ. ಮಗಳು ಗಾಜಿಗೆ ಮೂಗು ಒತ್ತಿ, "ಇದನ್ನ ಹೇಗೆ ಆಡೋದು?" ಎಂದಳು. "ಮುಟ್ಟಬೇಡಮ್ಮಾ" ಎಂದರು ಕಾವಲಿನವರು. ಚೀಟಿಯಲ್ಲಿ ಆಟದ ಬಗ್ಗೆ ಒಂದಕ್ಷರವೂ ಇರಲಿಲ್ಲ. ಆಡೋದಕ್ಕೇ ಮಾಡಿದ ವಸ್ತು ಅದು, ಅಲ್ವಾ?

ಹಳೆಯದನ್ನು ಜೋಪಾನ ಮಾಡಲೇಬೇಕು, ಒಪ್ಪುತ್ತೇನೆ. ಆದರೆ ಪಕ್ಕದಲ್ಲಿ ಹೊಸ ಮರದ ಮಣೆ, ಒಂದು ಹಿಡಿ ಹುಣಸೆಬೀಜ ಇಡಬಹುದು. ಬೀಜ ಕಳೆದರೆ ಮತ್ತೊಂದು ಹಿಡಿ. ಇದಕ್ಕೆ ಜಾಸ್ತಿ ದುಡ್ಡು ಬೇಡ. ನಾವು ದೊಡ್ಡವರೂ "ನೋಡು, ಓದು, ಬಾ" ಅಂತ ಕೈ ಹಿಡಿದು ಎಳೆಯೋದನ್ನು ಬಿಡಬೇಕು.

ಅವತ್ತು ಸಂಜೆ ಅಮ್ಮ ಅಟ್ಟದಿಂದ ಮಣೆ ಇಳಿಸಿದಳು. ಎರಡು ಸಾಲು, ಸಾಲಿಗೆ ಏಳು ಗುಳಿ. ಮೊದಲೆರಡು ಆಟ ಮಗಳು ಸಿಕ್ಕ ಗುಳಿಯಿಂದ ಬೀಜ ಎತ್ತಿ ಹಂಚಿದಳು. ಮೂರನೇ ಆಟದಲ್ಲಿ ಎತ್ತೋಕೆ ಮುಂಚೆ ಬೆರಳಿನಿಂದ ಗುಳಿ ಎಣಿಸತೊಡಗಿದಳು. "ಇದು ಬೇಡ ಅಜ್ಜಿ, ಆ ಕಡೇದು" ಎಂದು ಕೈ ಹಿಂದೆ ತೆಗೆದಳು.